ಬ್ಲೇಡ್ ಬದಲಿಸಿದ ಮೇಲೆ ಬ್ರಷ್ ಕಟ್ಟರ್ ಯಾಕೆ ನಡುಗುತ್ತದೆ?

ಓದುಗರ ಪ್ರಶ್ನೆ:

ನಮಸ್ಕಾರ. ಕಾಸರಗೋಡಿನ ಪೆರ್ಲದ ಹತ್ತಿರ ನಮಗೆ ಮೂರು ಎಕರೆ ಅಡಿಕೆ ತೋಟ, ಮೇಲೆ ಗುಡ್ಡೆಯಲ್ಲಿ ಒಂದಿಷ್ಟು ಗೇರು ಇದೆ. ಎರಡು ವರ್ಷದ ಹಿಂದೆ ಹುಲ್ಲು, ಪೊದೆ ಕತ್ತರಿಸಲು ಹೆಗಲಿಗೆ ನೇತುಹಾಕುವ ಟೂ ಸ್ಟ್ರೋಕ್ ಬ್ರಷ್ ಕಟ್ಟರ್ ತೆಗೆದುಕೊಂಡೆ. ಜೊತೆಗೆ ಬಂದ ಮೂರು ಹಲ್ಲಿನ ಬ್ಲೇಡ್, ನೈಲಾನ್ ದಾರದ ಹೆಡ್ ಎರಡರಲ್ಲೂ ತೊಂದರೆ ಇರಲಿಲ್ಲ. ಈ ವರ್ಷ ಗುಡ್ಡೆಯ ಕಾಡು (ಕಳೆ, ಪೊದೆ) ಸವರಲು ಆನ್‌ಲೈನಿನಲ್ಲಿ 80 ಹಲ್ಲಿನ ಬ್ಲೇಡ್ ತರಿಸಿದೆ. ಅದನ್ನು ಹಾಕಿದ ದಿನದಿಂದ ಮೆಷಿನ್ ವಿಪರೀತ ನಡುಗುತ್ತದೆ. ಅರ್ಧ ಗಂಟೆ ಹಿಡಿದರೆ ಬೆರಳು ಜೋಮು ಹಿಡಿಯುತ್ತದೆ. ನಟ್ಟು ಎರಡು ಸಲ ಸಡಿಲವಾಯಿತು. ಒಂದು ವಾಷರ್ ಜಾಸ್ತಿ ಹಾಕಿ ಬಿಗಿ ಮಾಡು ಎಂದು ಭಾವ ಹೇಳಿದರು, ಹಾಗೇ ಮಾಡಿದ್ದೇನೆ. ಬ್ಲೇಡಿನ ಡಬ್ಬದಲ್ಲಿ ತೆಳ್ಳಗಿನ ಒಂದು ರಿಂಗ್ ಕೂಡ ಇತ್ತು. ಅದು ಯಾಕೆಂದು ತಿಳಿಯದೆ ಡಬ್ಬದಲ್ಲೇ ಬಿಟ್ಟಿದ್ದೇನೆ. ಹುಲ್ಲು ಸಿಕ್ಕಿಕೊಳ್ಳುತ್ತದೆ ಎಂದು ಕೆಲಸದ ಹುಡುಗ ಬ್ಲೇಡಿಗೆ ಮರೆಯಾಗಿರುವ ಗಾರ್ಡ್ ಬಿಚ್ಚಿಟ್ಟಿದ್ದಾನೆ. ಎಲ್ಲರೂ ಹಾಗೇ ಮಾಡುತ್ತಾರಂತೆ. ಕಳೆದ ವಾರ ಚಾ ಕೊಡಲು ಬಂದ ಮನೆಯವರ ಮೊಣಕಾಲಿನ ಕೆಳಗೆ ಏನೋ ಚೂರು ಬಡಿದು ರಕ್ತ ಬಂತು. ಅವರು ಇಪ್ಪತ್ತು ಅಡಿ ದೂರದಲ್ಲಿದ್ದರು. ಈಗ ಮೆಷಿನ್ ಮುಟ್ಟಲು ಭಯವಾಗುತ್ತಿದೆ. ಮಣ್ಣು ಸಡಿಲಿಸುವ ಟಿಲ್ಲರ್ ಅಟ್ಯಾಚ್‌ಮೆಂಟ್ ಕೂಡ ತೆಗೆದುಕೊಳ್ಳಬೇಕೆಂದಿದ್ದೆ. ಯಾವುದನ್ನು ಹಾಕಬಹುದು? ಹಾಕುವ ಮೊದಲು ಏನೇನು ನೋಡಬೇಕು? ಇಲ್ಲ, ಮೆಷಿನ್ ಮಾರಿ ಕೆಲಸ ಗುತ್ತಿಗೆಗೆ ಕೊಡುವುದೇ ವಾಸಿಯೇ?

ಉತ್ತರ:

ಮೊದಲು ಮನೆಯವರ ಕಾಲಿನ ವಿಷಯ. ಆ 80 ಹಲ್ಲಿನ ಬ್ಲೇಡನ್ನು ಇವತ್ತೇ ಬಿಚ್ಚಿ, ಹಲ್ಲು ಎಣಿಸಿ. ಇಂಥ ಬ್ಲೇಡ್‌ಗಳಲ್ಲಿ ಪ್ರತಿ ಹಲ್ಲಿನ ತುದಿಗೂ ಕಾರ್ಬೈಡ್ ಎಂಬ ತುಂಬಾ ಗಟ್ಟಿ ವಸ್ತುವಿನ ಸಣ್ಣ ತುಂಡೊಂದನ್ನು ಬೆಸೆದಿರುತ್ತಾರೆ. ಕಲ್ಲಿಗೆ ತಾಗಿದರೆ ಅದು ಕಳಚಿ ಹಾರುತ್ತದೆ. ಒಂದು ತುದಿ ಕಾಣೆಯಾಗಿದ್ದರೂ ಮನೆಯವರನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಅದನ್ನು ಹೇಳಿ. ಮೇಲೆ ಗಾಯ ಒಣಗಿದ್ದರೂ ಒಳಗೆ ಚೂರು ಉಳಿದಿರಬಹುದು. ಕಾರ್ಬೈಡ್ ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುತ್ತದೆ. ಹಲ್ಲು ಎಲ್ಲಾ ಸರಿಯಿದ್ದರೂ ಧನುರ್ವಾಯುವಿನ ಇಂಜೆಕ್ಷನ್ ವಿಷಯ ಕೇಳಿ. ಊತ, ನೋವು ಇದ್ದರೆ ಕಾಯಬೇಡಿ.

ಈಗ ಮೆಷಿನ್‌ಗೆ ಬರೋಣ. ನೀವು ನಡುಕ, ನಟ್ಟು, ಗಾರ್ಡ್, ಚೂರು ಎಂದು ಬೇರೆ ಬೇರೆಯಾಗಿ ಬರೆದಿದ್ದೀರಿ. ಈ ಮೆಷಿನ್‌ಗಳನ್ನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ರಿಪೇರಿ ಮಾಡುತ್ತಿರುವ ನನಗೆ ಇವೆಲ್ಲ ಒಂದೇ ಮೂಲದಿಂದ ಬಂದ ಹಾಗೆ ಕಾಣುತ್ತದೆ. ಬ್ಲೇಡ್ ಬದಲಾಯಿತು. ಅದರ ಜೊತೆ ಬದಲಾಗಬೇಕಾಗಿದ್ದು ಬದಲಾಗಲಿಲ್ಲ. ಬ್ರಷ್ ಕಟ್ಟರಿನಲ್ಲಿ ಬ್ಲೇಡ್, ಅದನ್ನು ಹಿಡಿಯುವ ಪ್ಲೇಟು, ನಟ್ಟು, ಗಾರ್ಡ್ ಎಲ್ಲಾ ಸೇರಿ ಒಂದು ಸೆಟ್. ಒಂದನ್ನು ಬದಲಿಸಿದರೆ ಉಳಿದವನ್ನೂ ಹೊಸ ಮೆಷಿನ್ ಕೈಗೆ ಬಂದಿದೆ ಎಂದುಕೊಂಡೇ ನೋಡಬೇಕು.

ಡಬ್ಬದಲ್ಲಿರುವ ಆ ರಿಂಗ್

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ರಿಂಗಿನ ಮೇಲೆ. ಬ್ರಷ್ ಕಟ್ಟರ್ ಬ್ಲೇಡಿನ ನಡುವಿನ ತೂತು ಹೆಚ್ಚಾಗಿ 25.4 ಮಿಲಿಮೀಟರ್, ಅಂದರೆ ಸರಿಯಾಗಿ ಒಂದು ಇಂಚು ಇರುತ್ತದೆ. ಕೆಲವು ಮೆಷಿನ್‌ಗಳಿಗೆ 20 ಮಿಲಿಮೀಟರಿನದ್ದು ಬೇಕು. ಎರಡಕ್ಕೂ ಆಗಲಿ ಎಂದು ಮಾರುವವರು ದೊಡ್ಡ ತೂತಿನ ಬ್ಲೇಡ್ ಕೊಟ್ಟು, ಜೊತೆಗೆ ತೂತನ್ನು ಸಣ್ಣದು ಮಾಡುವ ರಿಂಗ್ ಇಡುತ್ತಾರೆ. ನಿಮ್ಮ ಮೂರು ಹಲ್ಲಿನ ಹಳೆ ಬ್ಲೇಡಿನ ತೂತನ್ನು ಅಳೆಯಿರಿ, ಹೊಸದನ್ನೂ ಅಳೆಯಿರಿ. ಹಳೆಯದು 20, ಹೊಸದು 25.4 ಇದ್ದರೆ ಕಾರಣ ಸಿಕ್ಕಿತು ಎಂದೇ ತಿಳಿಯಿರಿ. ರಿಂಗ್ ಇಲ್ಲದೆ ಆ ಬ್ಲೇಡ್ ಸರಿಯಾಗಿ ನಡುವಿನಲ್ಲಿ ಕೂರುವುದೇ ಇಲ್ಲ. ಎಷ್ಟು ಎಚ್ಚರದಿಂದ ಹಾಕಿದರೂ ಒಂದು ಬದಿಗೆ ಸರಿದಿರುತ್ತದೆ.

ಸ್ವಲ್ಪ ಸರಿದರೆ ಏನು ಮಹಾ ಅನಿಸಬಹುದು. ಲೆಕ್ಕ ಹಾಕಿ ನೋಡೋಣ. ಅರ್ಧ ಕಿಲೋ ತೂಕದ ಬ್ಲೇಡ್ ಒಂದೇ ಒಂದು ಮಿಲಿಮೀಟರ್ ಬದಿಗೆ ಸರಿದು ಕೂತಿದೆ, ನಿಮಿಷಕ್ಕೆ 7000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಆಗ ಅದು ತಾನು ಕೂತಿರುವ ದಂಡವನ್ನು (ಶಾಫ್ಟ್) 25 ಕಿಲೋಗಿಂತ ಜಾಸ್ತಿ ಬಲದಿಂದ ಹೊರಕ್ಕೆ ಎಳೆಯುತ್ತದೆ. ಆ ಎಳೆತ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಸುತ್ತು ಹಾಕುತ್ತದೆ. ನಿಮ್ಮ ಬೆರಳು ಜೋಮು ಹಿಡಿಯುವುದು ಅದರಿಂದ. ಪೈಪಿನ ತುದಿಯಲ್ಲಿ ಬ್ಲೇಡ್ ತಿರುಗಿಸುವ ಗೇರ್ ಹೆಡ್ಡಿನ ಬೇರಿಂಗ್ ತಿನ್ನುವುದೂ ಅದೇ. ಟೂ ಸ್ಟ್ರೋಕ್ ಮೆಷಿನ್ ಅಂದರೆ ನಡುಗುವುದೇ, ಅಭ್ಯಾಸವಾಗುತ್ತದೆ ಎಂದು ಹೇಳುವವರಿದ್ದಾರೆ. ಅದನ್ನು ನಂಬಬೇಡಿ. ನೀವೇ ಬರೆದ ಹಾಗೆ ಹಳೆ ಬ್ಲೇಡಿನಲ್ಲಿ ಈ ನಡುಕ ಇರಲಿಲ್ಲ, ಅಲ್ವಾ? ಮೆಷಿನ್ ಅದೇ, ಕೈ ಅದೇ. ಹಾಗಾದರೆ ತಪ್ಪು ಹೊಸದಾಗಿ ಬಂದ ವಸ್ತುವಿನಲ್ಲಿದೆ.

ಎರಡೂ ತೂತು ಒಂದೇ ಅಳತೆ ಇದ್ದರೆ ರಿಂಗ್ ನಿಮಗೆ ಬೇಡ. ಆಗ ಮೂರು ಕಡೆ ನೋಡಬೇಕು. ಬ್ಲೇಡಿನ ಮೇಲೆ ಕೂರುವ ಪ್ಲೇಟಿನಲ್ಲಿ ತೂತಿನೊಳಗೆ ಹೋಗುವ ಒಂದು ಉಬ್ಬು ಇರುತ್ತದೆ. ಅದು ಸವೆದಿದೆಯೇ, ಅದರ ಸುತ್ತ ಮಣ್ಣು, ಒಣಗಿದ ಹುಲ್ಲಿನ ರಸ ಗಟ್ಟಿಯಾಗಿ ಅಂಟಿದೆಯೇ ನೋಡಿ. ಬ್ಲೇಡನ್ನು ಸಮತಟ್ಟಾದ ಗಾಜು ಅಥವಾ ಗ್ರಾನೈಟಿನ ಮೇಲೆ ಇಟ್ಟು ಬಾಗಿದೆಯೇ ನೋಡಿ. ಕೆಳಗಿನ ಪ್ಲೇಟು ತಲೆಕೆಳಗಾಗಿ ಕೂತಿದೆಯೇ ನೋಡಿ. ನನ್ನಲ್ಲಿಗೆ ನಡುಕ ಎಂದು ಬರುವ ಮೆಷಿನ್‌ಗಳಲ್ಲಿ ಪ್ಲೇಟು ತಿರುಗುಮುರುಗಾಗಿ ಕೂತಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಜಾಸ್ತಿ ವಾಷರ್ ಬಗ್ಗೆ. ಭಾವ ಒಳ್ಳೆಯದಕ್ಕೇ ಹೇಳಿದ್ದಾರೆ. ಬೇರೆ ಯಂತ್ರಗಳಲ್ಲಿ ಅದು ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ದಂಡದ ತುದಿಯಲ್ಲಿ ತ್ರೆಡ್ ಇರುವುದೇ ಸ್ವಲ್ಪ. ಅದರಲ್ಲಿ ಒಂದು ವಾಷರ್ ದಪ್ಪದಷ್ಟು ಜಾಗ ಹೋದರೆ ನಟ್ಟಿಗೆ ಹಿಡಿಯಲು ಉಳಿಯುವುದು ಮೂರೋ ನಾಲ್ಕೋ ಸುತ್ತು. ಬಿಗಿಯಾದ ಹಾಗೆ ಕೈಗೆ ಅನಿಸುತ್ತದೆ, ಹಿಡಿತ ಮಾತ್ರ ಕಡಿಮೆಯಾಗಿರುತ್ತದೆ. ಆ ವಾಷರ್ ತೆಗೆದುಬಿಡಿ. ನಟ್ಟು ಪೂರ್ತಿ ಕೂತ ಮೇಲೆ ದಂಡದ ತ್ರೆಡ್ ಒಂದೆರಡು ಸುತ್ತು ಹೊರಗೆ ಕಾಣಬೇಕು.

ಈ ನಟ್ಟು ಎಡ ತ್ರೆಡ್ಡಿನದ್ದು ಎಂಬುದನ್ನೂ ಹುಡುಗನಿಗೆ ತೋರಿಸಿಕೊಡಿ. ಹೆಚ್ಚಿನ ಮೆಷಿನ್‌ಗಳಲ್ಲಿ ನಟ್ಟಿನ ಎದುರು ನಿಂತು ನೋಡಿದರೆ ಗಡಿಯಾರದ ಮುಳ್ಳಿನ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ, ವಿರುದ್ಧ ತಿರುಗಿಸಿದರೆ ಬಿಗಿಯಾಗುತ್ತದೆ. ನಮ್ಮ ಕೈಗೆ ಅಭ್ಯಾಸ ಇರುವುದು ಇದಕ್ಕೆ ಉಲ್ಟಾ. ಬ್ಲೇಡ್ ಹುಲ್ಲಿಗೆ ತಾಗಿದಾಗ ಬರುವ ತಡೆ ನಟ್ಟನ್ನು ಇನ್ನಷ್ಟು ಬಿಗಿ ಮಾಡಲಿ ಎಂದು ಹಾಗೆ ಮಾಡಿದ್ದಾರೆ. ಹಾಗಿದ್ದೂ ಯಾಕೆ ಸಡಿಲವಾಗುತ್ತದೆ? ಆಕ್ಸಿಲರೇಟರ್ ಥಟ್ಟನೆ ಬಿಟ್ಟಾಗ ದಂಡ ನಿಧಾನವಾಗುತ್ತದೆ, ಭಾರದ ಬ್ಲೇಡ್ ಮಾತ್ರ ಅದೇ ವೇಗದಲ್ಲಿ ಮುಂದೆ ಓಡಲು ನೋಡುತ್ತದೆ. ಆ ಎಳೆತ ನಟ್ಟು ಬಿಚ್ಚುವ ಕಡೆಗಿದೆ. ಬ್ಲೇಡ್ ಸಮನಾಗಿ ಕೂತಿದ್ದರೆ ಪ್ಲೇಟುಗಳ ಹಿಡಿತ ಅದನ್ನು ತಡೆಯುತ್ತದೆ. ಬದಿಗೆ ಸರಿದು ಕೂತಿದ್ದರೆ ದಿನಕ್ಕೆ ನೂರು ಸಲ ಬಿಡುವ ಆಕ್ಸಿಲರೇಟರ್ ಸಾಕು.

ನಟ್ಟಿನ ಒಳಗೆ ನೈಲಾನ್ ಉಂಗುರ ಇರುವ ಮಾದರಿಯಾದರೆ ಇನ್ನೊಂದು ಪರೀಕ್ಷೆ ಇದೆ. ಆ ನಟ್ಟನ್ನು ಬರಿಗೈಯಿಂದ ಕೊನೆಯವರೆಗೆ ತಿರುಗಿಸಲು ಆಗಬಾರದು. ಆಗುತ್ತಿದ್ದರೆ ನೈಲಾನ್ ಸವೆದಿದೆ, ಹೊಸದು ಹಾಕಿ. ಚಾ ಕುಡಿದಷ್ಟು ಖರ್ಚಿನ ವಸ್ತು. ಮನೆಯಲ್ಲಿ ಎರಡು ಹೆಚ್ಚಿಗೆ ತಂದಿಡಿ. ಬಿಗಿ ಮಾಡಲು ಮೆಷಿನ್ ಜೊತೆ ಬಂದ ಸ್ಪ್ಯಾನರೇ ಸಾಕು. ಅದಕ್ಕೆ ಪೈಪ್ ಸಿಕ್ಕಿಸಿ ತಿರುಗಿಸಬೇಡಿ, ಸುತ್ತಿಗೆಯಲ್ಲಿ ಹೊಡೆಯಬೇಡಿ.

ಗಾರ್ಡ್ ಬಿಚ್ಚುವುದು

ಎಲ್ಲರೂ ಬಿಚ್ಚುತ್ತಾರೆ ಎಂಬುದು ನಿಜ. ಬದಿಯಡ್ಕದಿಂದ ಮುಳ್ಳೇರಿಯದವರೆಗೆ ಒಮ್ಮೆ ಹೋಗಿ ಬಂದರೆ ಗಾರ್ಡ್ ಇಲ್ಲದ ಮೆಷಿನ್ ಎಷ್ಟು ಬೇಕಾದರೂ ಕಾಣುತ್ತದೆ. ಗಾರ್ಡ್ ಬರೀ ಕಂಪೆನಿಯವರು ಕಾನೂನಿಗಾಗಿ ಕೊಡುವುದು ಎಂಬ ಮಾತೂ ಇದೆ. ಅದು ಯಾಕೆ ಬೇಕು ಎಂಬುದನ್ನು ಬ್ಲೇಡ್ ತಿರುಗುವ ದಿಕ್ಕಿನಿಂದ ತಿಳಿಯಬಹುದು. ಮೆಷಿನ್ ಹಿಡಿದವರು ಮೇಲಿನಿಂದ ನೋಡಿದರೆ ಹೆಚ್ಚಿನ ಬ್ರಷ್ ಕಟ್ಟರ್‌ಗಳ ಬ್ಲೇಡ್ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಅಂದರೆ ಎಡಬದಿಯಲ್ಲಿ ಹಲ್ಲುಗಳು ಮುಂದಿನಿಂದ ಹಿಂದಕ್ಕೆ, ನಿಮ್ಮ ಕಾಲಿನ ಕಡೆಗೇ ಬರುತ್ತವೆ. ನಾವು ಕತ್ತರಿಸುವುದೂ ಆ ಎಡಬದಿಯಲ್ಲೇ. ಆ ಬದಿಯಲ್ಲಿ ಹಲ್ಲಿಗೆ ಸಿಕ್ಕಿದ ಕಲ್ಲು ಬರುವುದು ನಿಮ್ಮ ಮೊಣಕಾಲಿಗೆ, ಹೊಟ್ಟೆಗೆ, ಕಣ್ಣಿಗೆ. ನಡುವೆ ಇರುವುದು ಗಾರ್ಡ್ ಒಂದೇ.

ಆ ಕಲ್ಲಿನ ವೇಗ ಎಷ್ಟಿರಬಹುದು? 255 ಮಿಲಿಮೀಟರ್ ಬ್ಲೇಡ್ 7000 ಸುತ್ತಿನಲ್ಲಿ ತಿರುಗಿದರೆ ಹಲ್ಲಿನ ತುದಿ ಗಂಟೆಗೆ 330 ಕಿಲೋಮೀಟರ್ ಮೀರಿದ ವೇಗದಲ್ಲಿರುತ್ತದೆ. ಕಾಸರಗೋಡಿನಿಂದ ಹೊರಡುವ ವಂದೇ ಭಾರತ್ ರೈಲನ್ನು ಗಂಟೆಗೆ 180 ಕಿಲೋಮೀಟರ್ ಓಡುವಂತೆ ರೂಪಿಸಿದ್ದಾರೆ. ಹಲ್ಲಿನ ತುದಿ ಅದರ ಎರಡು ಪಟ್ಟಿಗೆ ಹತ್ತಿರ. ನಮ್ಮ ಗುಡ್ಡೆಯ ಮುರಕಲ್ಲು (ಜಂಬಿಟ್ಟಿಗೆ) ನೆಲದೊಳಗೆ ತೇವ ಇರುವಾಗ ಮೆದು, ಅದಕ್ಕೇ ಅದರಲ್ಲಿ ನೀರಿನ ಸುರಂಗ ಕೊರೆಯಲು ಆಗುತ್ತದೆ. ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಹುಲ್ಲಿನ ಬುಡದಲ್ಲಿ ಅಡಗಿರುವುದು ಅಂಥ ಗಟ್ಟಿಯಾದ, ಚೂಪು ಅಂಚಿನ ತುಂಡುಗಳು.

ಹುಲ್ಲು ಸಿಕ್ಕಿಕೊಳ್ಳುವ ತೊಂದರೆಯೂ ನಿಜವೇ. ಜೋರು ಮಳೆಯ ಆಟಿ ತಿಂಗಳ ಒದ್ದೆ ಹುಲ್ಲು ಗಾರ್ಡಿನೊಳಗೆ ಗಂಟು ಕಟ್ಟುತ್ತದೆ. ಆದರೆ ಅದಕ್ಕೆ ಕಾರಣ ಹುಡುಕಬೇಕು. ಬ್ಲೇಡ್ ಮೊಂಡಾಗಿದ್ದರೆ ಹುಲ್ಲು ಕತ್ತರಿಸಿ ಬೀಳುವುದಿಲ್ಲ, ಜಜ್ಜಿ ಸುತ್ತಿಕೊಳ್ಳುತ್ತದೆ. ಅರ್ಧ ಆಕ್ಸಿಲರೇಟರಿನಲ್ಲಿ ಓಡಿಸಿದರೂ ಹಾಗೇ. ಇನ್ನೊಂದು, ಎಷ್ಟೋ ಮೆಷಿನ್‌ಗಳಲ್ಲಿ ಗಾರ್ಡಿಗೆ ಎರಡು ಭಾಗ ಇರುತ್ತದೆ. ಕೆಳಗೆ ಸೇರಿಸುವ ಪಟ್ಟಿ ನೈಲಾನ್ ದಾರಕ್ಕೆ ಮಾತ್ರ. ಲೋಹದ ಬ್ಲೇಡ್ ಹಾಕುವಾಗ ಆ ಪಟ್ಟಿಯನ್ನು ತೆಗೆಯಬೇಕು. ನಿಮ್ಮ ಮೆಷಿನ್‌ನಲ್ಲಿ ಪಟ್ಟಿ ಹಾಗೇ ಉಳಿದಿದ್ದರೆ ಜಾಗ ಸಾಲದೆ ಹುಲ್ಲು ತುಂಬುತ್ತದೆ. ಪಟ್ಟಿ ತೆಗೆಯಿರಿ, ಗಾರ್ಡ್ ಇರಲಿ. ತುಂಬಿದ ಹುಲ್ಲನ್ನು ಎಂಜಿನ್ ನಿಲ್ಲಿಸಿದ ಮೇಲೆಯೇ ತೆಗೆಯಬೇಕು. ಮೆಷಿನ್ ಓಡುವಾಗ ಕಾಲಿನಿಂದ ಒದ್ದು ಬಿಡಿಸುವವರನ್ನು ನೋಡಿದ್ದೇನೆ. ನೋಡಿದಾಗಲೆಲ್ಲ ಎದೆ ಝಲ್ ಅನ್ನುತ್ತದೆ.

ನೈಲಾನ್ ದಾರ ಹಾಕಿದಾಗ ಗಾರ್ಡಿಗೆ ಇನ್ನೊಂದು ಕೆಲಸವಿದೆ. ಅದರ ಅಂಚಿನಲ್ಲಿ ಸಣ್ಣ ಚಾಕು ಇರುತ್ತದೆ. ದಾರ ಉದ್ದವಾದರೆ ಅದು ಅಳತೆಗೆ ಕತ್ತರಿಸುತ್ತದೆ. ಗಾರ್ಡ್ ಇಲ್ಲದಿದ್ದರೆ ದಾರ ಉದ್ದಕ್ಕೆ ಬೆಳೆಯುತ್ತದೆ, ಎಂಜಿನ್ನಿಗೆ ಭಾರವಾಗುತ್ತದೆ, ಕ್ಲಚ್ ಜಾರಿ ಬಿಸಿಯಾಗುತ್ತದೆ. ಕ್ಲಚ್ ಸುಟ್ಟಿದೆ, ಮೆಷಿನ್ ಸರಿಯಿಲ್ಲ ಎಂದು ಬರುವವರನ್ನು ನಾನು ಮೊದಲು ಕೇಳುವುದು ಗಾರ್ಡ್ ಎಲ್ಲಿ ಎಂದು.

ಇಷ್ಟೆಲ್ಲ ಆದರೂ ಗಾರ್ಡ್ ಕಾಯುವುದು ಮೆಷಿನ್ ಹಿಡಿದವರನ್ನು. ಸುತ್ತ ಇರುವವರನ್ನು ಅದು ಕಾಯುವುದಿಲ್ಲ. ಮನೆಯವರಿಗೆ ಚೂರು ತಾಗಿದ ದಿನ ಗಾರ್ಡ್ ಇದ್ದಿದ್ದರೂ ತಾಗುವ ಸಾಧ್ಯತೆ ಇತ್ತು. ಅದಕ್ಕೆ ದೂರವೇ ಮದ್ದು. ತಯಾರಕರು ಹೇಳುವ ಅಳತೆ 15 ಮೀಟರ್. ಒಂಬತ್ತು ಅಡಿ ಅಂತರದ ತೋಟವಾದರೆ ಅಡಿಕೆ ಮರದ ಆರು ಸಾಲು ದೂರ ಎಂದು ನೆನಪಿಡಿ. ಮಾತಾಡಲಿಕ್ಕಿದ್ದರೂ ಆರು ಸಾಲಿನ ಆಚೆಯಿಂದ ಕೈ ಬೀಸಬೇಕು, ಮೆಷಿನ್ ನಿಂತ ಮೇಲೆ ಹತ್ತಿರ ಬರಬೇಕು. ಹಿಂದಿನಿಂದ ಬಂದು ಹೆಗಲು ಮುಟ್ಟಬಾರದು. ಮುಟ್ಟಿದರೆ ಮೆಷಿನ್ ಹಿಡಿದವನು ಬ್ಲೇಡ್ ಸಮೇತ ತಿರುಗುತ್ತಾನೆ. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೂ ಇದನ್ನು ಹೇಳಿ.

ಕಣ್ಣಿಗೆ ಬಲೆಯ ಮುಖವಾಡ ಒಂದೇ ಸಾಲದು. ಬಲೆಯ ತೂತಿನಲ್ಲಿ ಸಣ್ಣ ಚೂರು ನುಗ್ಗುತ್ತದೆ. ಅದರ ಒಳಗೆ ಕನ್ನಡಕವೂ ಬೇಕು. ಕಣ್ಣಿಗೆ ಚೂರು ಹೊಕ್ಕಿತು ಅನಿಸಿದರೆ ತಿಕ್ಕಬಾರದು, ಕೀಳಲು ಹೋಗಬಾರದು, ಒತ್ತದ ಹಾಗೆ ಮುಚ್ಚಿ ನೇರ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಹಾಕುವ ಮೊದಲು ಏನು ನೋಡಬೇಕು

ನಾನು ಮಾಡುವ ಕ್ರಮವನ್ನೇ ಹೇಳುತ್ತೇನೆ. ಸ್ವಿಚ್ ಆಫ್ ಮಾಡಿ, ಪ್ಲಗ್ಗಿನ ಕ್ಯಾಪ್ ಎಳೆದಿಡುತ್ತೇನೆ. ಇದನ್ನು ಯಾವತ್ತೂ ಬಿಡುವುದಿಲ್ಲ. ಸೈಲೆನ್ಸರ್ ಆರುವವರೆಗೆ ಕಾಯುತ್ತೇನೆ. ಗ್ಲೌಸ್ ಹಾಕಿ ಹಳೆ ಬ್ಲೇಡ್ ಬಿಚ್ಚಿ, ಗೇರ್ ಹೆಡ್ಡಿನ ಸುತ್ತ ಅಂಟಿದ್ದನ್ನೆಲ್ಲ ಒರೆಸುತ್ತೇನೆ. ನಮ್ಮಲ್ಲಿ ಬಳ್ಳಿ, ಅಡಿಕೆ ಹಾಳೆಯ ನಾರು, ಹಳೆ ಹಗ್ಗದ ಎಳೆ ಅಲ್ಲಿ ಸುತ್ತಿಕೊಂಡು ಬೇರಿಂಗಿನ ಸೀಲನ್ನು ಹಾಳು ಮಾಡುತ್ತದೆ. ಆಮೇಲೆ ದಂಡದ ತುದಿ ಹಿಡಿದು ಮೇಲೆ ಕೆಳಗೆ, ಬದಿಗೆ ಅಲ್ಲಾಡಿಸುತ್ತೇನೆ. ಆಟ ಇದ್ದರೆ ಬೇರಿಂಗ್ ಹೋಗಿದೆ. ಕೈಯಲ್ಲಿ ತಿರುಗಿಸಿದಾಗ ಮರಳು ಅರೆದ ಹಾಗೆ ಶಬ್ದ ಬಂದರೂ ಅದೇ. ಬೇರಿಂಗ್ ಹೋದ ಗೇರ್ ಹೆಡ್ಡಿಗೆ ಯಾವ ಬ್ಲೇಡ್ ಹಾಕಿದರೂ ನಡುಗುತ್ತದೆ. ನಿಮ್ಮ ಮೆಷಿನ್ ಇಷ್ಟು ದಿನ ನಡುಗಿದ್ದರಿಂದ ಇದನ್ನು ಖಂಡಿತ ನೋಡಿ. ಗೇರ್ ಹೆಡ್ಡಿನ ಬದಿಯಲ್ಲಿರುವ ಸ್ಕ್ರೂ ಬಿಚ್ಚಿ ಗ್ರೀಸ್ ಇದೆಯೇ ಎಂದೂ ನೋಡಿ. ಎಷ್ಟು ಗಂಟೆಗೊಮ್ಮೆ ಹಾಕಬೇಕು ಎಂದು ಪುಸ್ತಕದಲ್ಲಿ ಇರುತ್ತದೆ. ತುಂಬಿ ತುಳುಕುವಷ್ಟು ಹಾಕಿದರೆ ಬಿಸಿಯಾಗಿ ಸೀಲ್ ಒಡೆದು ಹೊರಗೆ ಬರುತ್ತದೆ.

ಬ್ಲೇಡನ್ನು ಕಣ್ಣು, ಕಿವಿ ಎರಡರಿಂದಲೂ ನೋಡಬೇಕು. ಬೆಳಕಿಗೆ ಹಿಡಿದು ನಡುವಿನ ತೂತಿನ ಸುತ್ತ, ಹಲ್ಲುಗಳ ಬುಡದಲ್ಲಿ ಕೂದಲಿನಂಥ ಬಿರುಕು ಇದೆಯೇ ಹುಡುಕಿ. ಬಿರುಕು ಹುಟ್ಟುವುದು ಹೆಚ್ಚಾಗಿ ಆ ಎರಡು ಜಾಗದಲ್ಲಿ. ಆಮೇಲೆ ಬ್ಲೇಡನ್ನು ಸ್ಕ್ರೂ ಡ್ರೈವರಿಗೆ ನೇತುಹಾಕಿ ಸ್ಪ್ಯಾನರಿನಲ್ಲಿ ಮೆಲ್ಲನೆ ತಟ್ಟಿ. ಒಳ್ಳೆಯ ಬ್ಲೇಡ್ ಗಂಟೆಯ ಹಾಗೆ ಟಿಣ್ ಎಂದು ಸ್ವಲ್ಪ ಹೊತ್ತು ಹಾಡುತ್ತದೆ. ಬಿರುಕು ಬಿಟ್ಟದ್ದು ಒಡೆದ ಮಡಕೆಯ ಹಾಗೆ ಸದ್ದು ಮಾಡಿ ಸುಮ್ಮನಾಗುತ್ತದೆ. ಮಡಕೆ ಕೊಳ್ಳುವಾಗ ಅಜ್ಜಿ ತಟ್ಟಿ ನೋಡುತ್ತಿದ್ದರಲ್ಲ, ಅದೇ ಪರೀಕ್ಷೆ. ಬಿರುಕು ಬಿಟ್ಟ ಬ್ಲೇಡಿಗೆ ವೆಲ್ಡಿಂಗ್ ಮಾಡಿಸಬೇಡಿ, ಬಾಗಿದ್ದನ್ನು ಹೊಡೆದು ನೇರ ಮಾಡಬೇಡಿ. ಬೇರೆ ಯಾರಾದರೂ ಎತ್ತಿಕೊಂಡು ಹಾಕದ ಹಾಗೆ ಮುರಿದು ಗುಜರಿಗೆ ಕೊಡಿ. ಬ್ಲೇಡಿನ ಮೇಲೆ ಅದು ತಡೆಯುವ ಗರಿಷ್ಠ ಸುತ್ತು ಕೊರೆದಿರುತ್ತದೆ. ಆ ಸಂಖ್ಯೆ ನಿಮ್ಮ ಮೆಷಿನ್ ತಿರುಗುವ ಗರಿಷ್ಠ ಸುತ್ತಿಗಿಂತ ಜಾಸ್ತಿ ಇರಬೇಕು. ಏನೂ ಬರೆಯದ ಬ್ಲೇಡನ್ನು ನಾನು ಮೆಷಿನ್‌ಗೆ ಹಾಕುವುದಿಲ್ಲ, ಗಿರಾಕಿ ಸಿಟ್ಟಾದರೂ ಸರಿ.

ಕೂರಿಸುವಾಗ ಬ್ಲೇಡ್ ಪ್ಲೇಟಿನ ಉಬ್ಬಿನ ಮೇಲೆ ಪೂರ್ತಿ ಕೂತಿದೆ ಎಂದು ಬೆರಳಿನಲ್ಲಿ ಮುಟ್ಟಿ ನೋಡಿ, ಆಮೇಲೆ ಕೆಳಗಿನ ಪ್ಲೇಟು, ನಟ್ಟಿಗೆ ಮರೆಯಾಗುವ ಕಪ್, ನಟ್ಟು. ಹಲ್ಲಿನ ಬಾಯಿ ತಿರುಗುವ ದಿಕ್ಕಿಗೇ ಇರಲಿ. ಗೇರ್ ಹೆಡ್ಡಿನಲ್ಲಿ ದಂಡ ತಿರುಗದ ಹಾಗೆ ಅಲನ್ ಕೀ ತೂರಿಸಲು ತೂತು ಇರುತ್ತದೆ. ಬಿಗಿ ಮಾಡಿದ ಮೇಲೆ ಆ ಕೀ ತೆಗೆಯಲು ಮರೆಯಬೇಡಿ. ಬ್ಲೇಡನ್ನು ಕೈಯಿಂದ ತಿರುಗಿಸಿ, ಅದರ ಅಂಚು ಗಾರ್ಡಿನಿಂದ ಒಂದೇ ದೂರದಲ್ಲಿ ಓಡುತ್ತದೆಯೇ ನೋಡಿ. ಒಂದು ಕಡೆ ಹತ್ತಿರ, ಒಂದು ಕಡೆ ದೂರ ಆದರೆ ಬ್ಲೇಡ್ ನಡುವಿನಲ್ಲಿ ಇಲ್ಲ. ರಿಂಗಿನ ಕತೆ ಇಲ್ಲೇ ಗೊತ್ತಾಗುತ್ತಿತ್ತು.

ಸ್ಟಾರ್ಟ್ ಮಾಡಿದ ಮೇಲೆ ಆಕ್ಸಿಲರೇಟರ್ ಮುಟ್ಟದೆ ಬಿಡಿ. ಬ್ಲೇಡ್ ನಿಂತೇ ಇರಬೇಕು. ತಾನಾಗಿ ತಿರುಗುತ್ತಿದ್ದರೆ ಐಡ್ಲಿಂಗ್ ಕಡಿಮೆ ಮಾಡಬೇಕು, ಅದಕ್ಕೂ ನಿಲ್ಲದಿದ್ದರೆ ಕ್ಲಚ್ ನೋಡಿಸಬೇಕು. ಬೆಲ್ಟಿನ ಕೊಕ್ಕೆ ಒಂದೇ ಎಳೆತಕ್ಕೆ ಕಳಚುತ್ತದೆಯೇ ಎಂದು ಮೆಷಿನ್ ಆಫ್ ಇರುವಾಗ ಎಳೆದು ನೋಡಿ. ಪೆಟ್ರೋಲಿಗೆ ಬೆಂಕಿ ಹಿಡಿದಾಗ, ತೋಟದ ಕಣಿಗೆ (ನೀರು ಹರಿಯುವ ಚರಂಡಿಗೆ) ಜಾರಿ ಬಿದ್ದಾಗ ಜೀವ ಉಳಿಸುವುದು ಅದೇ. ಕೆಲಸ ಶುರು ಮಾಡಿ ಹತ್ತು ನಿಮಿಷವಾದ ಮೇಲೆ ಒಮ್ಮೆ ನಿಲ್ಲಿಸಿ ನಟ್ಟು ಮತ್ತೆ ನೋಡಿ. ಹೊಸ ಬ್ಲೇಡ್ ಕೂತು ಒಗ್ಗುವಾಗ ಸ್ವಲ್ಪ ಸಡಿಲವಾಗುವುದಿದೆ.

ಯಾವುದಕ್ಕೆ ಯಾವುದು

ಹಲ್ಲು ಜಾಸ್ತಿ ಇದ್ದರೆ ಹುಲ್ಲು ಚೆನ್ನಾಗಿ ಹೋಗುತ್ತದೆ ಎಂದುಕೊಳ್ಳುತ್ತಾರೆ. ಹಾಗಲ್ಲ. 80 ಹಲ್ಲಿನದ್ದು ಗರಗಸ, ಅದು ಮರದಂಥ ಕಾಂಡಕ್ಕೆ. ನಿಮ್ಮ ಗೇರು ಗುಡ್ಡೆಯ ಕಮ್ಯುನಿಸ್ಟ್ ಗಿಡ ಎಂಬ ಕಳೆಗೆ, ಬಲಿತ ಪೊದೆಗಳಿಗೆ ಸರಿ. ಹಸಿ ಹುಲ್ಲಿಗೆ ಹಾಕಿದರೆ ಹಲ್ಲಿನ ನಡುವೆ ತುಂಬಿಕೊಳ್ಳುತ್ತದೆ. ಕಲ್ಲು ಜಾಸ್ತಿ ಇರುವ ಜಾಗಕ್ಕೆ ಅದನ್ನು ಒಯ್ಯಲೇಬೇಡಿ. ಗಟ್ಟಿ ಕಾಂಡಕ್ಕೆ ಬ್ಲೇಡಿನ ಮುಂದಿನ ಬಲಭಾಗ ತಾಗಿಸಬಾರದು. ಗಡಿಯಾರದ ಮುಖ ಎಂದುಕೊಂಡರೆ 12ರಿಂದ 2ರ ನಡುವಿನ ಜಾಗ. ಅಲ್ಲಿ ತಾಗಿದರೆ ಮೆಷಿನ್ ಪೂರ್ತಿ ಬಲಕ್ಕೆ ಎಗರುತ್ತದೆ, ಹಿಡಿದವರು ಕೂಡ ತಿರುಗಿ ಹೋಗುತ್ತಾರೆ. ಕತ್ತಿಯಲ್ಲಿ ಕಡಿಯುವಷ್ಟು ದಪ್ಪ ಇದ್ದರೆ ಕತ್ತಿಯಲ್ಲೇ ಕಡಿಯಿರಿ.

ತೋಟದ ಒಳಗಿನ ಕಾಡಿಗೆ ಮೂರು ಹಲ್ಲಿನದ್ದು ಸಾಕು. ಮರದ ಬುಡಕ್ಕೆ, ಸ್ಪ್ರಿಂಕ್ಲರ್ ಪೈಪಿನ ಹತ್ತಿರಕ್ಕೆ ನೈಲಾನ್ ದಾರ. ಅದೂ ಎಳೆ ಸಸಿಯ ಸಿಪ್ಪೆ ಕೀಳಬಲ್ಲದು, ಒಂದು ಗೇಣು ಬಿಟ್ಟು ಉಳಿದದ್ದನ್ನು ಕೈಯಿಂದ ತೆಗೆಯಿರಿ. ದಾರ ಬೇಗ ಸವೆಯುತ್ತದೆ ಎಂದು ಬೈಕಿನ ಕ್ಲಚ್ ಕೇಬಲ್ ಹಾಕುವವರಿದ್ದಾರೆ. ದಯವಿಟ್ಟು ಬೇಡ. ತುಂಡಾದ ತಂತಿ ಬಾಣದ ಹಾಗೆ ಹೋಗುತ್ತದೆ. ಚೈನ್ ತುಂಡು ನೇತಾಡುವ ಹೆಡ್‌ಗಳನ್ನೂ ಆನ್‌ಲೈನಿನಲ್ಲಿ ಮಾರುತ್ತಾರೆ. 2010ರಲ್ಲಿ ಬ್ರಿಟನ್ನಿನಲ್ಲಿ ಅಂಥದ್ದೊಂದರ ಕೊಂಡಿ ಕಳಚಿ ಹಾರಿ ಒಬ್ಬರು ಸತ್ತರು. 2012ರಲ್ಲಿ ಯುರೋಪಿಯನ್ ಒಕ್ಕೂಟ ಅವುಗಳ ಮಾರಾಟವನ್ನೇ ನಿಲ್ಲಿಸಿತು.

ಟಿಲ್ಲರ್ ಅಟ್ಯಾಚ್‌ಮೆಂಟ್ ನಿಮ್ಮ ಅಡಿಕೆ ತೋಟಕ್ಕೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಅಡಿಕೆಯ ಆಹಾರ ಹೀರುವ ಬೇರುಗಳು ಬುಡದ ಸುತ್ತ, ಮೇಲ್ಮಣ್ಣಿನಲ್ಲೇ ಇವೆ. ಪೈಪ್, ಹಗ್ಗ, ಸೋಗೆ ಅದರ ಹಲ್ಲಿಗೆ ಸುತ್ತಿಕೊಳ್ಳುತ್ತವೆ. ಗುಡ್ಡೆಯಲ್ಲಿ ಮಳೆಗಾಲಕ್ಕೆ ಸ್ವಲ್ಪ ಮೊದಲು, ಪತ್ತನಾಜೆ ಹೊತ್ತಿಗೆ ಮಣ್ಣು ಸಡಿಲಿಸಿಟ್ಟರೆ ಮಳೆಗೆ ಕೊಚ್ಚಿ ಹೋಗುತ್ತದೆ. ತರಕಾರಿ ಸಾಲಿಗೆ ಬೇಕಿದ್ದರೆ ಕೊಳ್ಳಬಹುದು. ಆದರೆ ಮೊದಲು ನಿಮ್ಮ ಮೆಷಿನ್ನಿನ ಪೈಪ್ 26 ಮಿಲಿಮೀಟರೋ 28 ಮಿಲಿಮೀಟರೋ, ಒಳಗಿನ ರಾಡಿನ ತುದಿಯಲ್ಲಿ ಹಲ್ಲು 7 ಇವೆಯೋ 9 ಇವೆಯೋ ನೋಡಿ. ಎರಡೂ ಹೊಂದಬೇಕು. ಹೊಂದದ್ದನ್ನು ಬಟ್ಟೆ ಸುತ್ತಿ, ಟಿನ್ ತುಂಡು ಇಟ್ಟು ಕೂರಿಸಿದವರ ರಾಡ್ ನನ್ನಲ್ಲಿ ರಾಶಿ ಬಿದ್ದಿದೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟು ಅದನ್ನು ನಿಮ್ಮ ಕಡೆಗೆ ಎಳೆಯಬೇಡಿ, ಕಾಲು ಹಲ್ಲಿನ ಕೆಳಗೆ ಹೋಗುತ್ತದೆ.

ಮಾರಬೇಕೇ ಎಂದು ಕೇಳಿದ್ದೀರಿ. ಮೂರು ಹಲ್ಲು ಮತ್ತು ನೈಲಾನ್ ಇಷ್ಟಕ್ಕೆ ಮೆಷಿನ್ ಇಟ್ಟುಕೊಳ್ಳಿ, ಗಾರ್ಡ್ ಇವತ್ತೇ ಹಾಕಿಸಿ. ಗುಡ್ಡೆಯ ಕಾಡು ವರ್ಷಕ್ಕೊಮ್ಮೆಯ ಕೆಲಸ, ಅದನ್ನು ಗುತ್ತಿಗೆಗೆ ಕೊಡಬಹುದು. ಕೊಟ್ಟರೆ ಅವರ ಮೆಷಿನ್‌ಗೆ ಗಾರ್ಡ್ ಇದೆಯೇ, ಅವರ ಕಣ್ಣಿಗೆ ಕನ್ನಡಕ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಚೂರು ಹಾರುವುದು ನಿಮ್ಮ ಮನೆಯ ಅಂಗಳಕ್ಕೇ. ಬೆರಳಿನ ಜೋಮು ಬ್ಲೇಡ್ ಸರಿಯಾದ ಮೇಲೂ ಒಂದೆರಡು ವಾರ ಉಳಿದರೆ, ಅಥವಾ ಚಳಿಗೆ ಬೆರಳ ತುದಿ ಬೆಳ್ಳಗಾದರೆ ವೈದ್ಯರಿಗೆ ತೋರಿಸಿ. ಹುಡುಗನ ಕೈಯನ್ನೂ ಕೇಳಿ ನೋಡಿ. ಅವನು ನಿಮಗಿಂತ ಜಾಸ್ತಿ ಹೊತ್ತು ಹಿಡಿಯುತ್ತಾನೆ, ಹೇಳಿಕೊಳ್ಳುವುದು ಕಡಿಮೆ.

80 ಹಲ್ಲಿನದ್ದರಲ್ಲಿ ಒಂದೇ ಒಂದು ತುದಿ ಹೋಗಿದ್ದರೂ ಅದರ ಆಸೆ ಬಿಡಿ. ಎಲ್ಲಾ ಇದ್ದು, ತಟ್ಟಿದಾಗ ಒಳ್ಳೆ ನಾದ ಬಂದರೆ ಬ್ಲೇಡ್, ಡಬ್ಬದಲ್ಲಿರುವ ರಿಂಗ್, ಎರಡು ಪ್ಲೇಟು, ಕಪ್, ನಟ್ಟು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಹತ್ತಿರದ ಒಳ್ಳೆಯ ಮೆಕ್ಯಾನಿಕ್ ಹತ್ತಿರ ಹೋಗಿ. ಹುಡುಗನನ್ನೂ ಕರೆದುಕೊಂಡು ಹೋಗಿ. ಒಮ್ಮೆ ಮೆಕ್ಯಾನಿಕ್ ಹಾಕಿ ತೋರಿಸಲಿ, ಎರಡನೇ ಸಲ ಹುಡುಗನೇ ಹಾಕಲಿ.